ಕೊಟ್ಟ ಹೆಣ್ಣುಮಕ್ಕಳ ನೆರಳು

ನಾನು ಮಾಡುವ ಕೆಲಸಕ್ಕೆ ಸರ್ಕಾರ ಕೊಟ್ಟಿರುವ ಹೆಸರು ‘ಪ್ರತಿರೂಪ ಪಾಲಕಿ’. ಚಿತ್ರದುರ್ಗದ ನಮ್ಮ ಓಣಿಯಲ್ಲಿ ಮಾತ್ರ ನಾನು ‘ನೆರಳು ಸಾಕೋ ಸರ್ವಮಂಗಳ’. ಎಮ್ಮೆ ಸಾಕುತ್ತಾರೆ, ಕುರಿ ಸಾಕುತ್ತಾರೆ, ಈಯಮ್ಮ ನೆರಳು ಸಾಕುತ್ತಾಳೆ ಎಂದು ನಗುತ್ತಾರೆ. ನಾನೂ ನಗುತ್ತೇನೆ. ಬೆಳಿಗ್ಗೆ ಹೋಗಿ ಅವುಗಳ ನೀರು ಬದಲಿಸುವುದು, ಹೊತ್ತಿಗೆ ಸರಿಯಾಗಿ ತುತ್ತು ಹಾಕುವುದು, ಬಿಸಿ ಏರಿಳಿಯದಂತೆ ಕಾಯುವುದು ನನ್ನ ಕೆಲಸ. ಎಮ್ಮೆ ಸಾಕುವವರಿಗಿಂತ ಇದೇನೂ ದೊಡ್ಡ ವಿದ್ಯೆಯಲ್ಲ.

ನೆರಳು ಎಂದರೇನು ಎಂದು ತಿಳಿಯದವರಿಗೆ ಒಂದು ಮಾತು. ಮನುಷ್ಯನ ಮೈಯಿಂದ ಚಮಚದಷ್ಟು ರಕ್ತ ತೆಗೆದು, ಅದರಲ್ಲಿನ ಜೀವಕೋಶಗಳನ್ನು ಪುನಃ ಎಳಸು ಮಾಡಿ, ಅವನದೇ ಕರುಳು, ಮೂತ್ರಪಿಂಡ, ಕೀಲಿನ ಪೊರೆ, ಚರ್ಮಗಳ ಚೂರುಗಳನ್ನು ಇಸ್ಪೀಟ್ ಎಲೆಯಷ್ಟು ಅಗಲದ ಗಾಜಿನ ಮೇಲೆ ಬೆಳೆಸುತ್ತೇವೆ. ನಡುವೆ ಕೂದಲೆಳೆಯಂಥ ಕಾಲುವೆಗಳಿರುತ್ತವೆ. ಅವುಗಳಲ್ಲಿ ಅವನದೇ ರಕ್ತದ ಕಾವಲು ಕೋಶಗಳು ಓಡಾಡಿಕೊಂಡಿರುತ್ತವೆ. ಅವನಿಗೆ ಕೊಡಬೇಕಾದ ಮದ್ದು ಮೊದಲು ನೆರಳಿಗೆ. ಅವನ ಮೈಗೆ ಯಾವುದು ಒಗ್ಗುವುದಿಲ್ಲ ಎಂಬ ಪ್ರಶ್ನೆಯೂ ನೆರಳಿಗೇ. ಕಾವಲು ಕೋಶಗಳು ಕೆರಳಿದರೆ ಹಸಿರಾಗಿ ಹೊಳೆಯುವಂತೆ ಬಣ್ಣ ಕಟ್ಟಿರುತ್ತೇವೆ, ಅದು ಪರದೆಯಲ್ಲಿ ಕಾಣುತ್ತದೆ.

ಸಿಂಚನಾಳ ನೆರಳು ನನ್ನ ಕೈಗೆ ಬಂದಾಗ ಅವಳ ಬಸುರಿಗೆ ಐದು ತಿಂಗಳು ತುಂಬಿತ್ತು. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದ ಹುಡುಗಿ, ಬಿಸಿಲಲ್ಲಿ ಹೊಲಗಳ ಗಡಿ ಅಳೆದು ಕಪ್ಪಾದವಳು. ಮದುವೆಯಾಗಿ ಮೂರನೆಯ ವರ್ಷ. ಗಂಡ ಓಬಳೇಶ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಅವಳ ಬೆರಳ ಗೆಣ್ಣುಗಳು ಊದಿದ್ದವು, ಬೆಳಿಗ್ಗೆ ಎದ್ದರೆ ಮುಖ ಬೀಗಿರುತ್ತಿತ್ತು, ಮೂತ್ರದಲ್ಲಿ ನೊರೆ ಹೋಗುತ್ತಿತ್ತು. ಅವಳ ಕಾವಲು ಕೋಶಗಳೇ ಅವಳ ಕೀಲನ್ನೂ ಮೂತ್ರಪಿಂಡವನ್ನೂ ಶತ್ರುಗಳೆಂದು ತಿಳಿದು ತಿನ್ನುತ್ತಿದ್ದವು. ಇದನ್ನು ನಾನು ಅವಳಿಗೆ ಬಿಡಿಸಿ ಹೇಳಿದೆ.

“ಅಂದ್ರೆ ನನ್ ಕಾವಲಿನೋರಿಗೆ ಯಾರೂ ಹದ್ದುಬಸ್ತು ಮಾಡಿ ಕೊಟ್ಟಿಲ್ಲ ಮೇಡಂ. ಯಾವುದು ನಮ್ ಹೊಲ, ಯಾವುದು ಪಕ್ಕದೋರದ್ದು ಅಂತ್ಲೇ ಗೊತ್ತಿಲ್ಲ ಅವಕ್ಕೆ,” ಅಂದಳು.

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಈ ರೋಗವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅವಳ ಮೇಲೆ ನನಗೆ ಆಗಲೇ ಅಕ್ಕರೆ ಹುಟ್ಟಿತು.

ಅಕ್ಕರೆಯಿಂದ ರೋಗ ಹೋಗುವುದಿಲ್ಲ. ಬಸುರಿಗೆ ಕೊಡಬಹುದಾದ ಮದ್ದುಗಳನ್ನೆಲ್ಲ ಕೊಟ್ಟು ಮುಗಿದಿತ್ತು, ಮೂತ್ರಪಿಂಡ ಸೋಲುತ್ತಿತ್ತು. ಆಸ್ಪತ್ರೆಯೊಳಗಿನ ನಮ್ಮ ಪ್ರತಿರೂಪ ಕೇಂದ್ರದ ಮುಖ್ಯಸ್ಥರು ಡಾ. ಶ್ರೀಪತಿ. ಅವರು ಕೊನೆಯದಾಗಿ ಹೇಳಿದ್ದು ಮರುಬಿತ್ತನೆ. ಮೈಯಲ್ಲಿರುವ ಕಾವಲು ಕೋಶಗಳನ್ನೆಲ್ಲ ಅಳಿಸಿ ಹೊಸದಾಗಿ ಬಿತ್ತುವ ಚಿಕಿತ್ಸೆ ಅದು. ಅದನ್ನು ಮಾಡಿದರೆ ಬಸುರು ಉಳಿಯುವುದಿಲ್ಲ, ಮಾಡದಿದ್ದರೆ ತಾಯಿ ಉಳಿಯುವುದಿಲ್ಲ. ಇನ್ನೊಂದೇ ದಾರಿಯಿತ್ತು. ಕಾವಲು ಕೋಶಗಳನ್ನು ದಿನದಿನ ಕೆರಳಿಸುತ್ತಿರುವ ಹೊರಗಿನ ವಸ್ತು ಏನಾದರೂ ಇದ್ದು ಅದು ಸಿಕ್ಕರೆ, ಅದನ್ನು ತಪ್ಪಿಸಿ ಹೆರಿಗೆಯವರೆಗೆ ತಳ್ಳಬಹುದಿತ್ತು. ವೈದ್ಯರ ಸಮಿತಿ ಸೋಮವಾರ ಕೂತು ತೀರ್ಮಾನಿಸುವುದೆಂದಾಯಿತು.

“ಮಗು ಒಂದನ್ನ ಬಿಟ್ಟು ಇನ್ನೇನ್ ಬೇಕಾದ್ರೂ ತಗೊಳ್ಳಿ,” ಅಂದಳು ಸಿಂಚನ. ಆಗ ಅವಳು ನಗಲಿಲ್ಲ.

ನಾನು ಅವಳ ನೆರಳಿಗೆ ಕೇಂದ್ರದಲ್ಲಿರುವ ಸಿದ್ಧ ಮಾದರಿಗಳನ್ನೆಲ್ಲ ಉಣಿಸಿದ್ದೆ. ಧಾನ್ಯ, ಕಾಳು, ಎಣ್ಣೆ, ಹಾಲು, ಧೂಳು, ಬಣ್ಣ, ಸೋಪು, ಸಾವಿರಾರು ಪುಟ್ಟ ಸೀಸೆಗಳು ದೆಹಲಿಯಿಂದ ಬರುತ್ತವೆ. ಯಾವುದಕ್ಕೂ ನೆರಳು ಹಸಿರಾಗಲಿಲ್ಲ.

ಅವಳ ಜೀನುಗಳಲ್ಲಿ ಒಂದು ವಿಚಿತ್ರ ಮಾತ್ರ ಕಂಡಿತ್ತು. ನಮ್ಮ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ಏನಿದೆಯೆಂದು ಚೂರು ಚೂರಾಗಿ ಅಂಗೈಯಲ್ಲಿ ಹಿಡಿದು ಕಾವಲಿನವರಿಗೆ ತೋರಿಸುತ್ತಲೇ ಇರುತ್ತದೆ. ಆ ಅಂಗೈಯ ಆಕಾರ ಅಪ್ಪ ಅಮ್ಮನಿಂದ ಬರುವಂಥದ್ದು. ಸಿಂಚನಾಳದು ಒಂದು ಕಡೆ ಸ್ವಲ್ಪ ಡೊಂಕು, ಹಾಗಾಗಿ ಅದರಲ್ಲಿ ಹಿಡಿದ ಚೂರು ಬೇರೆಯಾಗಿ ಕಾಣುವ ಸಾಧ್ಯತೆಯಿತ್ತು. ಆದರೆ ಈ ಡೊಂಕು ರೋಗ ತರುತ್ತದೋ ಇಲ್ಲವೋ ಎಂದು ನಿರ್ಧರಿಸುವುದು ಮನೆತನವನ್ನು ನೋಡಿ. ಅದು ಅವಳ ಅಪ್ಪನಲ್ಲೂ ಇತ್ತು, ಅಣ್ಣನಲ್ಲೂ ಇತ್ತು, ಇಬ್ಬರೂ ಗುಂಡುಕಲ್ಲಿನಂತಿದ್ದರು. ಮನೆತನದಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆಯುಂಟೋ ಎಂದು ಅಪ್ಪ ಪಾಲಯ್ಯನನ್ನು ನಾನೇ ಕೇಳಿದ್ದೆ.

ಪಾಲಯ್ಯ ಕುರಿ ವ್ಯಾಪಾರಿ. ಚಳ್ಳಕೆರೆ ಸಂತೆಯಲ್ಲಿ ಅವನ ಮಾತಿಗೆ ಬೆಲೆಯಿದೆ ಎಂದು ಅವನನ್ನು ನೋಡಿದರೇ ಗೊತ್ತಾಗುತ್ತಿತ್ತು. ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೇಳಿದ್ದ.

“ನಮ್ ಮನೇಲಿ ಯಾರಿಗೂ ಇಲ್ಲ ಕಣಮ್ಮ. ನಮ್ಮಪ್ಪ ತೊಂಬತ್ತು ದಾಟಿ ಹೋದ. ಅವರಪ್ಪನೂ ಹಂಗೇಯ. ಬೇಕಾದ್ರೆ ದೇವರ ಮುಂದೆ ಕೇಳ್ರಿ, ಇದೇ ಮಾತು ಹೇಳ್ತೀನಿ.”

ಓಬಳೇಶನ ತಾಯಿ ದುರುಗಮ್ಮನೂ ಆಸ್ಪತ್ರೆಯಲ್ಲೇ ಇದ್ದಳು. ಅವಳನ್ನು ಕೇಳುವ ಅಗತ್ಯವೇ ಇರಲಿಲ್ಲ, ಅವಳ ರಕ್ತಕ್ಕೂ ಸೊಸೆಯ ರಕ್ತಕ್ಕೂ ಸಂಬಂಧವಿಲ್ಲ. ಆದರೂ ಅವಳೇ ಹೇಳಿದ್ದಳು, “ನಮ್ ಕಡೆ ಇಂಥಾ ಕಾಯಿಲೆ ಇಲ್ಲವ್ವ, ಅವ್ಳು ಬರ್ತಾ ತಂದಿದ್ದು.” ಕೊಂಕಾಗಿ ಹೇಳಿದ್ದಲ್ಲ ಅದು. ಕೇಳಿದವರಿಗೆ ಮಾಹಿತಿ ಕೊಡುವವಳಂತೆ ಹೇಳಿದ್ದಳು.

ಪಾಲಯ್ಯನ ಉತ್ತರವನ್ನು ನಾನು ಜೀನು ಓದುವ ಯಂತ್ರಕ್ಕೆ ಕೊಟ್ಟೆ. ಯಂತ್ರ ಲೆಕ್ಕ ಹಾಕಿ ಆ ಡೊಂಕನ್ನು ‘ನಿರುಪದ್ರವಿ’ ಎಂದು ಬದಿಗಿಟ್ಟಿತು. ಆಮೇಲೆ ಯಾರೂ ಅದನ್ನು ತಿರುಗಿ ನೋಡಲಿಲ್ಲ.

ಮರುಬಿತ್ತನೆಯ ಸುದ್ದಿ ಸಿಂಚನಾಳ ತವರಿಗೆ ಮುಟ್ಟಿದ ಮೇಲೆ ಅವಳ ಸೋದರತ್ತೆಯರು ಬಸ್ಸು ಹತ್ತಿ ಬಂದರು. ಏಳನೆಯ ತಿಂಗಳಿಗೆ ಮಾಡಬೇಕಾದ ಬಳೆ ತೊಡಿಸುವ ಶಾಸ್ತ್ರವನ್ನು ಈಗಲೇ ಮಾಡಿಬಿಡೋಣ, ಏನಾದರಾಗಲಿ, ಹುಡುಗಿ ಮನಸ್ಸಲ್ಲಿ ಕೊರಗು ಉಳಿಯಬಾರದು ಎಂದು ಅವರ ವಾದ. ವಾರ್ಡಿನ ಸಿಸ್ಟರ್ ಮೊದಲು ಗೊಣಗಿ, ಆಮೇಲೆ ತಾನೇ ಹೋಗಿ ಹೂ ತಂದಳು.

ಮೂವರು ಬಂದಿದ್ದರು, ಮೂವರೂ ಪಾಲಯ್ಯನ ಅಕ್ಕತಂಗಿಯರು. ಹಿರಿಯಳು ಬೋರಮ್ಮ. ತಾಯಿಯಿಲ್ಲದ ಸಿಂಚನಾಳನ್ನು ಎತ್ತಿ ಬೆಳೆಸಿದವಳು ಅವಳೇ. ಗಂಡನೊಂದಿಗೆ ಸರಿಹೋಗದೆ ಹರೆಯದಲ್ಲೇ ತವರಿಗೆ ಬಂದು ಅಲ್ಲೇ ಉಳಿದವಳು. ಇನ್ನಿಬ್ಬರು ಗಂಗವ್ವ ಮತ್ತು ಮಾರಕ್ಕ, ಬೇರೆ ಬೇರೆ ಊರುಗಳಿಗೆ ಕೊಟ್ಟವರು.

ಬೋರಮ್ಮ ಸಿಂಚನಾಳ ಕೈಗೆ ಎಣ್ಣೆ ಸವರಿ ಹಸಿರು ಗಾಜಿನ ಬಳೆ ಏರಿಸಲು ನೋಡಿದಳು. ಗೆಣ್ಣಿನ ಹತ್ತಿರ ಬಂದು ಅದು ನಿಂತಿತು. ಒತ್ತಿದರೆ ಹುಡುಗಿ ಹಲ್ಲು ಕಚ್ಚಿದಳು.

“ಬಿಡಕ್ಕ, ಒಡೀತೈತೆ,” ಅಂದಳು ಗಂಗವ್ವ. “ದಾರ ಕಟ್ಟು ಸಾಕು. ನನಗೂ ಅಷ್ಟೇ ತಾನೆ ಮಾಡಿದ್ದು.”

ಆಗ ನಾನು ಗಂಗವ್ವನ ಕೈ ನೋಡಿದೆ. ಬೆರಳುಗಳು ಒಂದರ ಮೇಲೊಂದು ವಾಲಿದ್ದವು. ಮುಂಗೈಯಲ್ಲಿ ಗಾಜಿನ ಬಳೆಯಿರಲಿಲ್ಲ, ಬಾಯಿ ಬಿಚ್ಚಿ ಹಾಕಿಕೊಳ್ಳುವ ತಗಡಿನ ಬಳೆಯಿತ್ತು. ಪಕ್ಕದಲ್ಲಿ ಮಾರಕ್ಕ ಆರತಿ ತಟ್ಟೆಯನ್ನು ಬೆರಳಲ್ಲಿ ಹಿಡಿಯಲಾರದೆ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು. ಬೋರಮ್ಮನ ಕೈಗಳು ಮಾತ್ರ ನೇರ. ಅವಳ ಎರಡೂ ಕೈ ತುಂಬ ಗಾಜಿನ ಬಳೆಗಳಿದ್ದವು.

ಇಷ್ಟು ದಿನ ಸೀಸೆಗಳಲ್ಲಿ ಹುಡುಕುತ್ತಿದ್ದದ್ದು ಆರತಿ ತಟ್ಟೆ ಹಿಡಿದು ನನ್ನೆದುರೇ ನಿಂತಿತ್ತು.

“ಇದು ಯಾವಾಗಿಂದ ಆಗಿದ್ದಮ್ಮ?” ಎಂದು ಕೇಳಿದೆ.

“ಮದುವೆ ಆದ ಮೂರ್ನಾಕು ವರ್ಷಕ್ಕೆ ಶುರುವಾಯ್ತು,” ಅಂದಳು ಗಂಗವ್ವ. ಮಾರಕ್ಕ ತಲೆಯಾಡಿಸಿದಳು. “ನನಗೆ ಕಿಡ್ನಿನೂ ಹಾಳಾಗೈತೆ. ವಾರಕ್ಕೆರಡು ಸಲ ರಕ್ತ ತೊಳಸ್ಕೊಂಡು ಬರ್ತೀನಿ.”

ಬಾಗಿಲ ಬಳಿ ನಿಂತಿದ್ದ ಪಾಲಯ್ಯನ ಕಡೆ ತಿರುಗಿದೆ. ಸಿಟ್ಟು ಬಂದಿತ್ತು, ಅಡಗಿಸಿಕೊಳ್ಳಲು ನನಗೆ ಬರುವುದಿಲ್ಲ.

“ನಿಮ್ಮ ಮನೇಲಿ ಯಾರಿಗೂ ಇಲ್ಲ ಅಂದ್ರಲ್ಲ ಯಜಮಾನರೇ. ಇವರಿಬ್ಬರು ಯಾರು?”

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನನ್ನನ್ನೂ ಅವರನ್ನೂ ನೋಡಿದ.

“ಇವರು ನಮ್ ಮನೆಯೋರಲ್ಲವಲ್ಲಮ್ಮ. ಕೊಟ್ಟ ಹೆಣ್ಣುಮಕ್ಕಳು.”

ಅಕ್ಕತಂಗಿಯರು ಬೇಸರಪಡಲಿಲ್ಲ. ಬಿಸಿಲಿದೆ ಅಂದರೆ ಹೇಗೆ ಕೇಳಿಸಿಕೊಳ್ಳುತ್ತಾರೋ ಹಾಗೆ ಕೇಳಿಸಿಕೊಂಡರು. ಆಮೇಲೆ ಒಂದೊಂದೇ ಎಳೆ ಬಿಚ್ಚಿಕೊಂಡಿತು. ಗಂಗವ್ವ ತನ್ನ ಗಂಡನ ಊರಿನ ಆಸ್ಪತ್ರೆಗೆ ಹೋದಾಗ ಅಲ್ಲಿಯೂ ಮನೆತನ ಕೇಳಿದ್ದರು. ನಮ್ಮ ಕಡೆ ಇಲ್ಲ, ಇವಳು ಹೊರಗಿನಿಂದ ಬಂದವಳು ಎಂದು ಗಂಡ ಹೇಳಿದ್ದ. ಅದೂ ಸುಳ್ಳಲ್ಲ. ಮಾರಕ್ಕನದೂ ಅದೇ ಕಥೆ. ಕೊಟ್ಟ ಮನೆಯವರೂ ನಿಜ ಹೇಳಿದ್ದರು, ತಂದ ಮನೆಯವರೂ ನಿಜ ಹೇಳಿದ್ದರು, ರೋಗಕ್ಕೆ ಮಾತ್ರ ಊರೂ ಇರಲಿಲ್ಲ, ಮನೆಯೂ ಇರಲಿಲ್ಲ.

ನಾನು ಬೋರಮ್ಮನನ್ನು ಕೇಳಿದೆ, “ನಿಮಗೆ ಯಾವತ್ತೂ ನೋವು ಬಂದೇ ಇಲ್ಲವಾ?”

“ಬಂದಿತ್ತು ಕಣವ್ವ. ಗಂಡನ ಮನೇಲಿದ್ದಾಗ ಮುದ್ದೆ ಮುರಿಯಾಕೂ ಆಗ್ತಿರಲಿಲ್ಲ. ಅವ್ನ ಬಿಟ್ಟು ಬಂದೆ ನೋಡು, ವರ್ಷ ತುಂಬೋದ್ರೊಳಗೆ ಎಲ್ಲಾ ಹೋಯ್ತು. ತವರಿನ ನೀರು.”

ತವರಿನ ನೀರು! ಡಾ. ಶ್ರೀಪತಿಯವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವರ ರಕ್ತ ಪರೀಕ್ಷೆಯೂ ಅಷ್ಟರಲ್ಲಿ ಬಂದಿತ್ತು, ಮೂವರ ಜೀವಕೋಶಗಳ ಅಂಗೈಯೂ ಡೊಂಕು. ಯಂತ್ರ ಕ್ಷಮೆ ಕೇಳುವ ಜಾತಿಯದಲ್ಲ, ಸುಮ್ಮನೆ ‘ನಿರುಪದ್ರವಿ’ ಅಳಿಸಿ ‘ಶಂಕಿತ’ ಎಂದು ಬರೆಯಿತು.

“ಡೊಂಕಿದ್ದೂ ತವರಲ್ಲಿ ಉಳಿದವರಿಗೆ ಬರೋದಿಲ್ಲ, ಹೊರಗೆ ಹೋದವರಿಗೆ ಬರುತ್ತೆ,” ಅಂದರು ಅವರು. “ಹೊರಗೆ ಏನಿದೆ, ಒಳಗೆ ಏನಿಲ್ಲ? ಹೋಗಿ ಬನ್ನಿ. ಸೋಮವಾರದವರೆಗೆ ಮಾತ್ರ ನಾನು ತಡೆಯಬಲ್ಲೆ.”

ಮಾರನೆಯ ದಿನ ಬೋರಮ್ಮನ ಜೊತೆ ಅವರ ಹಳ್ಳಿಗೆ ಹೋದೆ. ಬಾಟಲಿಗಳಲ್ಲಿ ಕೊಳವೆಬಾವಿಯ ನೀರು, ಹಟ್ಟಿಯ ಮಣ್ಣು, ಒಲೆಯ ಬೂದಿ ತುಂಬಿಕೊಂಡೆ. ಊರ ಮಕ್ಕಳು ಹಿಂದೆ ಹಿಂದೆ ಬಂದು, ಈಯಮ್ಮನ ಊರಲ್ಲಿ ಮಣ್ಣಿಗೂ ಬರ ಬಂದಿದೆಯೇನೋ ಎಂದು ನೋಡಿದರು. ಮಧ್ಯಾಹ್ನ ಬೋರಮ್ಮ ಮುದ್ದೆಯೂ ತೊಗರಿಬೇಳೆ ಸಾರೂ ಬಡಿಸಿದಳು. ಊಟ ಮಾಡುತ್ತ ಮಾಡುತ್ತ ಸುಮ್ಮನೆ ಹೇಳಿದೆ.

“ನಿಮ್ಮ ಬೀಗಿತಿ ದುರುಗಮ್ಮ ಹುರುಳಿಕಾಳಿನ ಸಾರು ಕೊಟ್ಟಿದ್ದರು, ಬಲು ರುಚಿ. ನೀವೂ ಹಾಗೇ ಮಾಡ್ತೀರಾ?”

ಬೋರಮ್ಮ ಸೌಟನ್ನು ಕೆಳಗಿಟ್ಟಳು.

“ಹುರುಳಿ ನಮ್ ಹೊಸಲು ದಾಟಂಗಿಲ್ಲ. ನಮ್ದು ಹುರುಳಿ ಬೆಡಗು.”

ಬೆಡಗು ಎಂದರೆ ಒಂದೇ ಮೂಲಪುರುಷನಿಂದ ಬಂದವರ ಬಳಗ. ಒಂದೊಂದು ಬೆಡಗಿಗೂ ಒಂದೊಂದು ಗಿಡವೋ ಪ್ರಾಣಿಯೋ ಇರುತ್ತದೆ, ಆ ಬೆಡಗಿನವರು ಅದನ್ನು ತಿನ್ನುವುದಿಲ್ಲ. ಇವರ ಕಥೆಯನ್ನೂ ಬೋರಮ್ಮ ಹೇಳಿದಳು. ಹಿಂದೆ ಇವರ ಹಿರಿಯನನ್ನು ಯಾವನೋ ಪಾಳೇಗಾರನ ಸವಾರರು ಅಟ್ಟಿಸಿಕೊಂಡು ಬಂದಾಗ ಅವನು ಹುರುಳಿ ಹೊಲದಲ್ಲಿ ಅಡಗಿದನಂತೆ. ಬೆನ್ನಟ್ಟಿ ಬಂದ ಕುದುರೆಗಳು ಹುರುಳಿಗೆ ಬಾಯಿ ಹಾಕಿದವು. ಹೊಡೆದರೂ ಬಡಿದರೂ ಅಲ್ಲಿಂದ ಕದಲಲಿಲ್ಲ. ಅಂದಿನಿಂದ ಹುರುಳಿ ಇವರಿಗೆ ದೇವರ ಸಮಾನ.

“ಮತ್ತೆ ಸಿಂಚನ ತಿಂತಾಳಲ್ಲ?”

“ಕೊಟ್ಟ ಮೇಲೆ ಗಂಡನ ಬೆಡಗು ಅಲ್ವೇನವ್ವ. ಅವ್ಳಿಗೇನು ಕಟ್ಟು? ತಿನ್ನಲೇಬೇಕು. ಮನೆ ತುಂಬಿಸ್ಕೊಂಡ ದಿನ ಅತ್ತೆನೇ ಮೊದಲ ತುತ್ತು ಹುರುಳಿದು ಇಕ್ಕೋದು. ನಮ್ಮೋಳಾದ್ಲು ಅಂತ. ನಾನೂ ತಿಂದೆ, ಅಲ್ಲಿದ್ದಷ್ಟು ದಿನ.”

ನಾನು ಅರ್ಧ ಊಟಕ್ಕೇ ಎದ್ದೆ. ಬೋರಮ್ಮ ಬೈದಳು, ಅದನ್ನೂ ಕೇಳಿಸಿಕೊಳ್ಳಲಿಲ್ಲ.

ಕೇಂದ್ರಕ್ಕೆ ಬಂದವಳೇ ಹುರುಳಿಯ ಸೀಸೆ ತೆಗೆದು ಸಿಂಚನಾಳ ನೆರಳಿಗೆ ಉಣಿಸಿದೆ. ಕರುಳಿನ ಚೂರು ಅದನ್ನು ಹೀರಿಕೊಂಡಿತು. ಕಾವಲು ಕೋಶಗಳು ಬಂದವು, ಮೂಸಿದವು, ತಮ್ಮ ಪಾಡಿಗೆ ಹೋದವು. ಗಂಟೆಗಟ್ಟಲೆ ಕಾದರೂ ಪರದೆ ಕಪ್ಪಾಗಿಯೇ ಇತ್ತು.

“ಇದನ್ನು ಮೊದಲೇ ನೋಡಿದ್ದೆವಲ್ಲ,” ಅಂದರು ಡಾ. ಶ್ರೀಪತಿ. ಅವರ ದನಿಯಲ್ಲಿ ಬೇಸರವಿತ್ತು, ನನ್ನ ಮೇಲಲ್ಲ. “ಕಥೆ ಚೆನ್ನಾಗಿತ್ತು ಸರ್ವಮಂಗಳ. ಏನು ಮಾಡೋದು.”

ನನಗೆ ಅಳು ಬಂತು. ಮುಖ ತೊಳೆದುಕೊಂಡು ವಾರ್ಡಿನತ್ತ ಹೋದೆ. ಸಿಂಚನಾಳಿಗೆ ಏನು ಹೇಳಬೇಕೆಂದು ತಿಳಿದಿರಲಿಲ್ಲ. ದಾರಿಯಲ್ಲಿ ರೋಗಿಗಳ ಕಡೆಯವರು ಉಳಿದುಕೊಳ್ಳುವ ಕಟ್ಟಡವಿದೆ. ಅದರ ಜಗುಲಿಯಲ್ಲಿ ದುರುಗಮ್ಮ ಕೂತಿದ್ದಳು. ಕಂಬದ ಮೊಳೆಗೆ ಒದ್ದೆ ಬಟ್ಟೆಯ ಗಂಟೊಂದು ನೇತುಬಿದ್ದು ತೊಟ್ಟಿಕ್ಕುತ್ತಿತ್ತು.

“ಏನಮ್ಮ ಅದು?”

“ಕಾಳು ಮೊಳಕೆಗೆ ಕಟ್ಟೀನಿ. ಮೊಳಕೆ ಬಂದ್ರೇ ಅದಕ್ಕೆ ರುಚಿ, ಅದಕ್ಕೇ ಶಕ್ತಿ.” ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದಳು. “ಸಿಸ್ಟರ್‌ಗೆ ಹೇಳಬ್ಯಾಡಿ. ದಿನಾ ಸಂಜೆ ಫ್ಲಾಸ್ಕಲ್ಲಿ ಹುರುಳಿ ಬಸಿದ ಕಟ್ಟು ಒಯ್ದು ಕುಡಿಸ್ತೀನಿ. ಈ ಆಸ್ಪತ್ರೆ ಅನ್ನದಲ್ಲಿ ಏನೈತೆ? ಕೈಕಾಲು ನೋವಿಗೆ ಹುರುಳಿ ಕಟ್ಟಿಗಿಂತ ಮದ್ದಿಲ್ಲ. ಅವ್ಳಿಗೆ ನೋವು ಶುರುವಾದಾಗಿಂದ ಒಂದಿನಾನೂ ತಪ್ಪಿಸಿಲ್ಲ.”

ದೆಹಲಿಯಿಂದ ಬರುವುದು ಒಣ ಹುರುಳಿಯ ಹಿಟ್ಟು. ಒಣಗಿದ ಕಾಳು ಮಲಗಿರುತ್ತದೆ. ನೀರು ತಾಗಿ ಮೊಳಕೆಯೊಡೆಯುವಾಗ ಅದು ಮೊದಲಿಲ್ಲದ ಹೊಸ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಇದು ನಾನು ಓದಿ ಪಾಸಾದ ಪಾಠವೇ. ಮೊಳಕೆ ಕಟ್ಟದ ಹುರುಳಿಯನ್ನು ನಮ್ಮ ಮನೆಯಲ್ಲೂ ಯಾವತ್ತೂ ಬೇಯಿಸಿಲ್ಲ, ಆದರೂ ಸೀಸೆ ತೆಗೆಯುವಾಗ ನನ್ನ ತಲೆಗೆ ಅದು ಹೊಳೆಯಲಿಲ್ಲ. ಸೀಸೆಯ ಮೇಲೆ ‘ಹುರುಳಿ’ ಎಂದು ಬರೆದಿತ್ತು, ನಂಬಿದೆ.

ದುರುಗಮ್ಮನಿಂದ ಒಂದು ಹಿಡಿ ಮೊಳಕೆ ಕಾಳು ಇಸಿದುಕೊಂಡೆ. ಅವಳು ಮಾಡುವ ಹಾಗೆಯೇ ಬೇಯಿಸಿ, ಕಟ್ಟು ಬಸಿದು, ಹೊಟ್ಟೆಯ ರಸಗಳಲ್ಲಿ ಅರಗಿಸಿ, ನೆರಳಿಗೆ ಒಂದು ಹನಿ ಬಿಟ್ಟೆ. ಡಾ. ಶ್ರೀಪತಿ ನನ್ನ ಹಿಂದೆ ನಿಂತಿದ್ದರು.

ಮೊದಲು ಕರುಳಿನ ಅಂಚಿನಲ್ಲಿ ಒಂದು ಹಸಿರು ಚುಕ್ಕೆ. ಆಮೇಲೆ ನಾಲ್ಕಾರು. ಆಮೇಲೆ ಕಾಲುವೆಯುದ್ದಕ್ಕೂ ಹಸಿರು ಹರಿಯಿತು, ಕಾವಲು ಕೋಶಗಳು ಕರುಳನ್ನು ಬಿಟ್ಟು ಮೂತ್ರಪಿಂಡದ ಚೂರಿನ ಕಡೆ ನುಗ್ಗಿದವು. ಆ ಡೊಂಕು ಅಂಗೈಯಲ್ಲಿ ಮೊಳಕೆಯ ಚೂರೂ ಮೂತ್ರಪಿಂಡದ ಚೂರೂ ತದ್ರೂಪಾಗಿ ಕಾಣುತ್ತಿದ್ದವು. ಒಂದನ್ನು ಕಂಡು ಕೆರಳಿದ ಕಾವಲು ಇನ್ನೊಂದನ್ನೂ ಬಿಡಲಿಲ್ಲ. ಬೇರೆಯವರ ಹತ್ತು ನೆರಳುಗಳಿಗೂ ಅದೇ ಹನಿ ಕೊಟ್ಟು ನೋಡಿದೆವು, ಒಂದೂ ಮಿಸುಕಲಿಲ್ಲ.

“ನಮ್ಮ ಹಿರಿಯರು ಎಷ್ಟು ತಿಳಿದವರು ನೋಡಿ,” ಅಂದರು ಡಾ. ಶ್ರೀಪತಿ, ಸಂತೋಷದಲ್ಲಿ.

ನನಗೆ ಮೈ ಉರಿಯಿತು. “ತಿಳಿದಿದ್ದರೆ ಹೆಣ್ಣುಮಕ್ಕಳಿಗೂ ಹೇಳಿ ಕಳಿಸ್ತಿದ್ದರು ಸರ್,” ಅಂದೆ. “ಇದು ತಿಳಿವಳಿಕೆ ಅಲ್ಲ. ಯಾವುದೋ ಕಾರಣಕ್ಕೆ ಬಿಟ್ಟರು, ಗಂಡುಮಕ್ಕಳು ಬದುಕಿಕೊಂಡರು. ಹೆಣ್ಣುಮಕ್ಕಳನ್ನು ಕಳಿಸುವಾಗ ಬೆಡಗು ಬದಲಾಯಿತು ಅಂದುಕೊಂಡರು. ರಕ್ತಕ್ಕೆ ಯಾರು ಹೇಳಬೇಕಿತ್ತು?”

ಅವರು ಸಮಿತಿಗೆ ಫೋನ್ ಮಾಡಲು ಹೋದರು.

ದುರುಗಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳನ್ನು ಒಳಗೆ ಕರೆದು ನೆರಳನ್ನು ತೋರಿಸಿದೆ. ಪರದೆಯ ಮೇಲಿನ ಹಸಿರನ್ನು ಅವಳು ಬಹಳ ಹೊತ್ತು ನೋಡಿದಳು.

“ಇದು ನಮ್ ಸಿಂಚನನಾ?”

“ಅವಳ ನೆರಳು.”

“ಇದಕ್ಕೂ ನೋವಾಗ್ತೈತಾ?”

“ಇಲ್ಲಮ್ಮ.”

“ಸದ್ಯ,” ಅಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ ಕೈಯಾರೆ ಉಣಿಸಿದ್ನಲ್ಲವ್ವ. ನೋವು ಜಾಸ್ತಿ ಆದಾಗೆಲ್ಲ ಇನ್ನೊಂದು ಲೋಟ ಕುಡಿ ಅಂತಿದ್ದೆ. ಬ್ಯಾಡ ಅಂದ್ರೂ ಬಿಡ್ತಿರಲಿಲ್ಲ.”

“ಅದು ವಿಷ ಅಲ್ಲಮ್ಮ. ನೀವೂ ಉಂಡಿದ್ದೀರಿ, ನಾನೂ ಉಂಡೆ. ಅವಳೊಬ್ಬಳಿಗೆ ಆಗಿಬರಲಿಲ್ಲ.”

ಎಷ್ಟು ಹೇಳಿದರೂ ಅವಳ ಅಳು ನಿಲ್ಲಲಿಲ್ಲ. ಸೊಸೆಯ ಮಂಚದ ಹತ್ತಿರ ಹೋದವಳೇ ಗೋಡೆಯ ಕಡೆ ಮುಖ ಮಾಡಿ ನಿಂತಳು. ಸಿಂಚನ ಊದಿದ ಕೈಯಿಂದ ಅವಳ ಸೆರಗು ಎಳೆದಳು.

“ಅತ್ತೆ, ಈ ಕಡೆ ತಿರುಗಿ. ನಿಮ್ ಸಾರು ರುಚಿ ಇಲ್ದಿದ್ರೆ ನಾನು ಎಂದೋ ಬಿಟ್ಟಿರ್ತಿದ್ದೆ. ತಪ್ಪು ಅಡುಗೆದು, ನಿಮ್ದಲ್ಲ.”

ದುರುಗಮ್ಮ ಅಳುತ್ತಲೇ ನಕ್ಕಳು. ಫ್ಲಾಸ್ಕನ್ನು ಮಾರನೆಯ ದಿನ ಸಿಸ್ಟರ್‌ಗೆ ಕೊಟ್ಟುಬಿಟ್ಟಳು, ಕಾಫಿಗೆ ಇರಲಿ ಎಂದು.

ಸೋಮವಾರ ಸಮಿತಿ ಮರುಬಿತ್ತನೆಯನ್ನು ಮುಂದೂಡಿತು. ಹುರುಳಿ ನಿಂತಿತು. ಅದರೊಂದಿಗೇ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಮ್ಮೆ ಕೆರಳಿದ ಕಾವಲು ಅಷ್ಟು ಬೇಗ ಮರೆಯುವುದಿಲ್ಲ. ಮೊದಲ ಕೆಲವು ವಾರ ನಾವೆಲ್ಲ ಉಸಿರು ಬಿಗಿಹಿಡಿದೇ ಇದ್ದೆವು. ಆಮೇಲೆ ಮೂತ್ರದ ನೊರೆ ಕಡಿಮೆಯಾಗುತ್ತ ಬಂತು, ಮೊದಲು ಸೋತಿದ್ದ ಮದ್ದುಗಳೇ ಈಗ ಕೆಲಸ ಮಾಡತೊಡಗಿದವು. ಗೆಣ್ಣುಗಳ ಊತ ಇಳಿದ ಮೇಲೆ ಬೋರಮ್ಮ ಪುನಃ ಬಂದು ಬಳೆ ಏರಿಸಿ ಹೋದಳು. ಗಂಗವ್ವ ಹುರುಳಿ ಬಿಟ್ಟಳು, ನೋವು ಹೋಯಿತು, ವಾಲಿದ ಬೆರಳು ನೆಟ್ಟಗಾಗಲಿಲ್ಲ. ಮಾರಕ್ಕ ಈಗಲೂ ರಕ್ತ ತೊಳೆಸಿಕೊಳ್ಳಲು ಬರುತ್ತಾಳೆ. ಅವಳ ಪಾಲಿಗೆ ನಾವು ತಡವಾಗಿ ಕಣ್ಣು ಬಿಟ್ಟೆವು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮಾಗಿಯ ಚಳಿಯಲ್ಲಿ ಸಿಂಚನಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ತೂಕ ಸ್ವಲ್ಪ ಕಡಿಮೆ, ಗಂಟಲು ಮಾತ್ರ ಭರ್ಜರಿ. ಹೊಕ್ಕುಳಬಳ್ಳಿಯ ರಕ್ತ ನೋಡಿದೆವು. ಕೋಶಗಳ ಅಂಗೈ ಡೊಂಕೇ.

ದುರುಗಮ್ಮ ಕೇಳಿದ ಮೊದಲ ಪ್ರಶ್ನೆ ಅದೇ. ಹೌದೆಂದಾಗ ಅವಳು ಮೊಮ್ಮಗಳನ್ನು ಇನ್ನಷ್ಟು ಹತ್ತಿರ ಅವಚಿಕೊಂಡಳು. “ಆಗ್ಲಿ ಬಿಡಿ. ನಮ್ ಮನೇಲೂ ಹುರುಳಿ ನಿಂತೋಯ್ತು. ಇವ್ಳು ಬೆಳೆದು ಎಲ್ಲಿಗೆ ಹೋದ್ರೂ ಹೇಳೇ ಕಳಿಸ್ತೀವಿ,” ಅಂದಳು. ಹುರುಳಿ ಸಾರೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅವಳು.

ಹೊಸ ಮಗುವಿಗೆ ಹೊಸ ದಾಖಲೆ ತೆರೆಯಬೇಕು. ತಾಯಿಯ ಕಡೆಯ ಮನೆತನವನ್ನು ಅಜ್ಜನಿಂದಲೇ ಕೇಳಿ ತಿಳಿಯುವುದು ನಿಯಮ. ಪಾಲಯ್ಯ ನನ್ನೆದುರು ಬಂದು ಕೂತ. ಈ ಸಲ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಕೇಳಿದೆ. ನಿಮ್ಮ ಮನೆತನದಲ್ಲಿ ಈ ಕಾಯಿಲೆ ಯಾರಿಗಾದರೂ ಇದೆಯೇ, ಇತ್ತೇ?

ಅವನು ಮೊದಲು ಕುರಿಯ ಮಾತೆತ್ತಿದ.

“ನಾನು ಒಂದು ಟಗರು ಕೊಳ್ಳಬೇಕಂದ್ರೆ ಅದರ ತಾಯಿ ಯಾವುದು, ಅಜ್ಜಿ ಯಾವುದು ಅಂತ ಕೇಳ್ತೀನಮ್ಮ. ನಮ್ ಹಟ್ಟಿಯಿಂದ ಮಾರಿದ ಕುರಿ ಎಲ್ಲೆಲ್ಲಿ ಅವೆ, ಏನಾದ್ವು, ಎಲ್ಲಾ ಗೊತ್ತೈತೆ ನನಗೆ. ಮಾರಿದ ಕುರಿ ಲೆಕ್ಕ ಇಟ್ಟೆ. ಕೊಟ್ಟ ಹೆಣ್ಣುಮಕ್ಕಳ ಲೆಕ್ಕ ಇಡ್ಲಿಲ್ಲ.”

“ಈಗ ಹೇಳಿ,” ಅಂದೆ.

“ನಮ್ ಬೋರಕ್ಕ. ಗಂಗವ್ವ. ಮಾರಕ್ಕ.” ಅವನು ನಿಧಾನವಾಗಿ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. “ನಮ್ಮಪ್ಪನ ತಂಗಿ ತಿಪ್ಪವ್ವ. ನಾನು ಸಣ್ಣೋನಿದ್ದಾಗ ಎತ್ತಿನ ಗಾಡೀಲಿ ಮಲಗಿಸ್ಕೊಂಡು ಬಂದಿದ್ರು ಆವಮ್ಮನ್ನ. ಇಲ್ಲೇ ಇರ್ತೀನಿ ಅಣ್ಣ, ಇಲ್ಲಿದ್ರೆ ಹಗುರಾಗ್ತೈತೆ ಅಂದ್ಲು. ಕೊಟ್ಟ ಹೆಣ್ಣು ಹಂಗೆಲ್ಲ ಇರಬಾರದು ಅಂತ ನಮ್ಮಪ್ಪ ವಾಪಸ್ ಕಳಿಸ್ದ. ಆಮೇಲೆ ಮಣ್ಣಿಗೇ ಹೋಗಿದ್ದು ನಾವು. ಇನ್ನೊಬ್ಳು ಅವಳ ಮಗಳು ಸಾಕಮ್ಮ. ಅವ್ಳಿಗೂ ಮುಖ ಬೀಗ್ತಿತ್ತು.”

ಅವನ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಅಳುವುದು ಕೇಳುತ್ತಿತ್ತು. ಮುಗಿಯಿತೆಂದು ನಾನು ಪರದೆಯಿಂದ ಬೆರಳೆತ್ತುವಷ್ಟರಲ್ಲಿ ಅವನು ತಡೆದ.

“ಇನ್ನೊಬ್ಳಿದ್ಲಂತೆ. ನಮ್ಮ ಮುತ್ತಜ್ಜನ ತಂಗಿ. ದೂರದ ಊರಿಗೆ ಕೊಟ್ಟಿದ್ರು, ಕೈಕಾಲು ಸೊಟ್ಟಾಗಿ ಸತ್ಲು ಅಂತ ನಮ್ಮಜ್ಜಿ ಹೇಳ್ತಿದ್ಲು. ಅವ್ಳನ್ನೂ ಬರ್ಕೊಳ್ರಿ.”

“ಹೆಸರೇನು?”

ಪಾಲಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಸಿಗಲಿಲ್ಲ. ತಲೆ ತಗ್ಗಿಸಿದ.

“ಹೆಸರು ಯಾರೂ ಉಳಿಸ್ಕೊಂಡಿಲ್ಲ ಕಣಮ್ಮ.”

“ಹಾಗಾದರೆ ಏನಂತ ಬರೀಲಿ?”

“ನಮ್ಮೋಳು ಅಂತ ಬರೀರಿ.”